ಇವತ್ತು ತಮ್ಮನ ಪಾಳಿ

ನಮ್ಮದು ಜತ್ತ ತಾಲೂಕಿನ ಒಂದು ಕನ್ನಡ ಶಾಲೆ. ಬೆಳಿಗ್ಗೆ ಪರಿಪಾಠ ಮುಗಿದ ಮೇಲೆ ಸ್ವಚ್ಛತೆಯ ತಪಾಸಣೆ ಮಾಡುವುದು ನಾವು ಮಾಸ್ತರರು ಬಹಳ ವರ್ಷದಿಂದ ನಡೆಸಿಕೊಂಡು ಬಂದ ರೂಢಿ. ಉಗುರು ನೋಡುವುದು, ತಲೆ ನೋಡುವುದು, ಆಮೇಲೆ "ಜಳಕ ಮಾಡದವರು ಯಾರ‍್ಯಾರು? ಈ ಕಡೆ ನಿಲ್ಲರಿ" ಅನ್ನುವುದು. 2016ರ ಮಾರ್ಚ್ ತಿಂಗಳು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಆ ಕಡೆ ನಿಂತಳು. ವಾರದಲ್ಲಿ ಅದು ಅವಳ ಮೂರನೆಯ ಸಲ. ಯಾಕವ್ವಾ ಅಂತ ಕೇಳಿದರೆ, "ಇವತ್ತ ತಮ್ಮನ ಪಾಳಿರಿ ಗುರುಜಿ, ನಂದು ನಾಳೆ ಐತ್ರಿ" ಅಂದಳು. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ನಾವೂ ನಕ್ಕೆವು.

ಹೊಲಕ್ಕೆ ನೀರು ಬಿಡುವ ಪಾಳಿ ಗೊತ್ತು, ಜಳಕಕ್ಕೆ ಪಾಳಿ ಎಂಥದು ಅಂತ ಆಗ ತಮಾಷೆ ಅನಿಸಿತ್ತು. ಆ ವಾರ ಅವರ ವಸ್ತಿಯ ಕಡೆ ಹೋದಾಗ ತಿಳಿಯಿತು. ಮನೆಯಲ್ಲಿ ಏಳು ಜನ. ಟ್ಯಾಂಕರ್ ಬಂದ ದಿನ ಸಿಕ್ಕಷ್ಟು ಕೊಡ. ಕುಡಿಯಲಿಕ್ಕೆ, ಅಡಿಗೆಗೆ, ಎರಡು ಎಮ್ಮೆಗೆ ಎತ್ತಿಟ್ಟು ಉಳಿದ ನೀರಿನಲ್ಲಿ ದಿನಕ್ಕೆ ಇಬ್ಬರ ಜಳಕ. ಆ ಸಾಲಿನಲ್ಲಿ ನಿಂತು ಕೊಡ ತುಂಬಿ ಹೊತ್ತು ತರುವವಳು ಅದೇ ಹುಡುಗಿ. ಬಚ್ಚಲ ಹತ್ತಿರ ಹಿತ್ತಾಳೆ ಹಂಡೆಯೊಂದು ಬೋರಲು ಬಿದ್ದಿತ್ತು.

ದಿನಾ ಜಳಕ ಮಾಡಬೇಕು, ಮಾಡದವರು ಹೊಲಸು ಮಂದಿ ಎಂಬ ಮಾತು ಯಾವಾಗ ಹುಟ್ಟಿತು, ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದದ್ದು ಆಮೇಲೆ.

ದೂರ ಹೋಗುವುದೇ ಬೇಡ, ನಮ್ಮ ಅಜ್ಜ ಅಜ್ಜಿಯರನ್ನು ನೆನೆಸಿಕೊಂಡರೆ ಸಾಕು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ತಲೆಯ ಮೇಲಿಂದ ನೀರು ಹಾಕಿಕೊಳ್ಳುವ ಜಳಕ ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ಅಂದು ಗಂಡಸರು ಪುರಸೊತ್ತಿನಿಂದ ಜಳಕ ಮಾಡುವರು. ಹೆಣ್ಣುಮಕ್ಕಳು ತಲೆ ಎರಕೊಳ್ಳುವ ದಿನ ಬೇರೆ. ಉಳಿದ ದಿನ ಹೊಲದಿಂದ ಬಂದವರು ಕೈ, ಕಾಲು, ಮುಖ ತೊಳೆದು ಹಣೆಗೆ ವಿಭೂತಿ ಹಚ್ಚಿಕೊಂಡರೆ ಊಟಕ್ಕೆ ಕೂಡಲಿಕ್ಕೆ ಅಡ್ಡಿ ಇರಲಿಲ್ಲ. ಅವರನ್ನು ಯಾರೂ ಹೊಲಸು ಅನ್ನುತ್ತಿರಲಿಲ್ಲ. ಯಾಕೆಂದರೆ ನೀರು ಇದ್ದದ್ದು ಸೇದುವ ಬಾವಿಯಲ್ಲಿ, ಅದನ್ನು ಹೊತ್ತು ತರುತ್ತಿದ್ದದ್ದು ಹೆಣ್ಣುಮಕ್ಕಳ ಸೊಂಟದ ಮೇಲೆ. ಕಾಯಿಸಲಿಕ್ಕೆ ಕುಳ್ಳು, ತೊಗರಿ ಕಟಿಗೆ ಬೇಕು. ಒಂದು ಹಂಡೆ ನೀರು ಕಾಯಿಸುವ ಉರುವಲಿನಲ್ಲಿ ಎರಡು ಹೊತ್ತಿನ ರೊಟ್ಟಿ ಬೇಯುತ್ತಿತ್ತು.

ಆದರೆ ಅದೇ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ದಿನಾ ಸುಡುಸುಡು ನೀರು ಎರೆಯುತ್ತಿದ್ದರು. ಎಷ್ಟೇ ಬರವಿದ್ದರೂ ಅದಕ್ಕೆ ನೀರು, ಉರುವಲು ಹೊಂದಿಸುತ್ತಿದ್ದರು. ದೀಪಾವಳಿಯ ಜಳಕ, ಎಣ್ಣೆ ಹಚ್ಚಿ ಆರತಿ ಮಾಡಿ ಎರೆಯುವುದು, ವರ್ಷದ ದೊಡ್ಡ ಜಳಕ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆಯದ ಮನೆ ಇರಲಿಲ್ಲ. ನೀರನ್ನು ಎಲ್ಲಿ ಖರ್ಚು ಮಾಡಬೇಕೆಂಬ ಲೆಕ್ಕ ಹಿರಿಯರಿಗೆ ಇತ್ತು. ದಿನಾ ನಸುಕಿನಲ್ಲೇ ಮಿಂದು ಮಡಿ ಉಡುವ ಮನೆಗಳೂ ಇದ್ದವು. ಅಲ್ಲಿ ಪ್ರಶ್ನೆ ಮೈಯ ಕೊಳೆಯದಲ್ಲ, ಪೂಜೆಯದು. ಸ್ವಚ್ಛತೆ, ಮಡಿ ಎರಡೂ ಒಂದೇ ಎಂದು ನಾವು ಶಾಲೆಯಲ್ಲಿ ಎಷ್ಟೋ ಸಲ ಕಲಸಿಬಿಡುತ್ತೇವೆ.

ನೀರಿನ ಅನುಕೂಲ ಇದ್ದಲ್ಲಿ ಜನ ಸ್ನಾನವನ್ನು ಎಂದೂ ಬಿಟ್ಟವರಲ್ಲ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಮೊಹೆಂಜೊದಾರೊದ ಮನೆಮನೆಯಲ್ಲೂ ಇಟ್ಟಿಗೆಯ ಬಚ್ಚಲು, ಅಲ್ಲಿಂದ ಬೀದಿಯ ಗಟಾರಕ್ಕೆ ಹೊಂದಿಸಿದ ದಾರಿ ಇದ್ದವು. ಅಲ್ಲಿನ ದೊಡ್ಡ ಸ್ನಾನದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ. ಪಾಠದ ಪುಸ್ತಕದಲ್ಲಿ ಕೊಳದ ಚಿತ್ರ ಇರುತ್ತದೆ, ಮನೆಯ ಬಚ್ಚಲಿನ ಚಿತ್ರ ಇರುವುದಿಲ್ಲ. ನಮಗೇನೋ ಬಚ್ಚಲೇ ದೊಡ್ಡ ಸಂಗತಿ ಅನಿಸುತ್ತದೆ.

ನಮ್ಮ ಸೀಮೆಗೇ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ಭೋಗಗಳ ಸಾಲಿನಲ್ಲಿ ಸ್ನಾನವನ್ನೂ ಇಟ್ಟಿದ್ದಾನೆ. ಎಣ್ಣೆ, ಸುಗಂಧ, ತಿಕ್ಕುವವರು, ನೀರು ಹಾಕುವವರು. ಅಂದರೆ ಸ್ನಾನ ಎಂಬುದು ಒಡವೆ, ತಾಂಬೂಲದ ಹಾಗೆ ಒಂದು ಸುಖ. ಅದೇ ಶತಮಾನದಲ್ಲಿ, ಇಂದು ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯಲ್ಲಿ ಕರಣಿಕನಾಗಿದ್ದ ಬಸವಣ್ಣನವರೂ ಅವರ ಜೊತೆಯ ಶರಣರೂ ನದಿಯಲ್ಲಿ ಮುಳುಗಿದರೆ ಪಾಪ ತೊಳೆಯುತ್ತದೆ ಎಂಬ ನಂಬಿಕೆಯನ್ನು ನೇರವಾಗಿ ಪ್ರಶ್ನಿಸಿದರು. ಸೊನ್ನಲಿಗೆಯ ಸಿದ್ಧರಾಮ ಎಲ್ಲರ ಬಳಕೆಗೆ ಕೆರೆ ಕಟ್ಟಿಸಿದ. ಸೊಲ್ಲಾಪುರಕ್ಕೆ ಹೋದಾಗ ನಾವೆಲ್ಲ ಸಿದ್ಧೇಶ್ವರ ಗುಡಿಗೆ ಹೋಗಿ ಕೈಮುಗಿದು ಬರುತ್ತೇವೆ. ಸುತ್ತಲಿರುವ ಆ ಕೆರೆಯನ್ನು ಒಂದು ಕ್ಷಣ ನಿಂತು ನೋಡುವವರು ಕಡಿಮೆ. ಆಮೇಲೆ ಆದಿಲ್‌ಶಾಹಿಗಳ ಕಾಲಕ್ಕೆ ವಿಜಾಪುರದಲ್ಲಿ ತಾಜ್ ಬಾವಡಿಯಂಥ ಬಾವಿಗಳಾದವು. ಪ್ರವಾಸಿಗರು ಇಳಿದುಕೊಳ್ಳಲಿಕ್ಕೆ ಅದರ ಮಗ್ಗುಲಲ್ಲೇ ಕೋಣೆಗಳು.

ಯುರೋಪಿನವರು ಸ್ನಾನವನ್ನೇ ಮಾಡುತ್ತಿರಲಿಲ್ಲ ಎಂದು ಮೊಬೈಲಿನಲ್ಲಿ ಒಂದು ಸಂದೇಶ ಆಗಾಗ ಓಡಾಡುತ್ತದೆ. ಓದಿ ನಗುತ್ತಾರೆ. ವಿಷಯ ಅಷ್ಟು ಸರಳವಿಲ್ಲ. ಪ್ಯಾರಿಸ್ಸಿನಂಥ ಊರುಗಳಲ್ಲಿ ಮಧ್ಯಯುಗದಲ್ಲಿ ಸಾರ್ವಜನಿಕ ಸ್ನಾನಗೃಹಗಳು ಬೇಕಾದಷ್ಟಿದ್ದವು. ಬಿಸಿನೀರು ಮೈಯ ರಂಧ್ರಗಳನ್ನು ತೆರೆಯುತ್ತದೆ, ಅಲ್ಲಿಂದ ಪ್ಲೇಗಿನ ವಿಷಗಾಳಿ ಒಳಹೊಕ್ಕು ಬಿಡುತ್ತದೆ ಎಂದು ಅಲ್ಲಿಯ ವೈದ್ಯರು ನಂಬಿದರು. ಮೇಹರೋಗದ ಹೆದರಿಕೆಯೂ ಸೇರಿತು. 16ನೆಯ ಶತಮಾನದಲ್ಲಿ ಸ್ನಾನಗೃಹಗಳು ಮುಚ್ಚತೊಡಗಿದವು. ಆಮೇಲೆ ಸುಮಾರು ಎರಡು ನೂರು ವರ್ಷ ದೊಡ್ಡವರ ಸ್ವಚ್ಛತೆ ಎಂದರೆ ಬಿಳಿ ನಾರುಬಟ್ಟೆಯ ಅಂಗಿ ಬದಲಿಸುವುದು, ಒಣ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದು. ಅವರು ಹೊಲಸಾಗಿರಬೇಕೆಂದು ಹಟ ಹಿಡಿದವರಲ್ಲ. ರೋಗಕ್ಕೆ ಹೆದರಿ ನೀರು ಬಿಟ್ಟವರು. ಮುಂದೆ ಕಾರ್ಖಾನೆಗಳ ಕಾಲ ಬಂತು. ಕೂಲಿಕಾರರ ಮನೆಗಳಲ್ಲಿ ಬಚ್ಚಲೇ ಇಲ್ಲದ್ದರಿಂದ 1846ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಊರೂರಿಗೆ ಸ್ನಾನದ ಮನೆ, ಬಟ್ಟೆ ಒಗೆಯುವ ಮನೆ ಕಟ್ಟಲು ಕಾಯ್ದೆ ಮಾಡಿತು. ಆದರೂ 20ನೆಯ ಶತಮಾನದ ನಡುವಿನ ತನಕ ಅಲ್ಲಿಯ ಬಡವರ ಮನೆಗಳಲ್ಲಿ ವಾರಕ್ಕೊಮ್ಮೆ ಒಲೆಯ ಮುಂದೆ ತಗಡಿನ ತೊಟ್ಟಿ ಇಟ್ಟು, ಒಂದೇ ನೀರಿನಲ್ಲಿ ಮನೆಮಂದಿ ಒಬ್ಬರಾದ ಮೇಲೆ ಒಬ್ಬರು ಇಳಿಯುತ್ತಿದ್ದರು. ಅಲ್ಲಿಯೂ ಪಾಳಿ!

ಅಂಥ ದೇಶದವರು ಇಲ್ಲಿಗೆ ಬಂದು ನಮ್ಮ ಸ್ವಚ್ಛತೆಯನ್ನು ತಪಾಸಣೆ ಮಾಡಿದರು. 1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆಗಳ ಒಳಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಸಾಮಾನು ಹೊರಗೆಸೆದರು, ಗಂಡಸರು ಹೆಂಗಸರೆನ್ನದೆ ಮೈ ಪರೀಕ್ಷೆ ಮಾಡಿದರು. ಜನ ಮಾಡಿದ್ದೇನು? ರೋಗಿಗಳನ್ನು ಬಚ್ಚಿಟ್ಟರು. 1897ರ ಜೂನ್ 22ರಂದು ಚಾಪೇಕರ ಸಹೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದ್ದು ಎಲ್ಲರಿಗೂ ಗೊತ್ತು. ಅದರ ಮರುವರ್ಷ ನಡೆದದ್ದನ್ನು ಮಾತ್ರ ನಾವು ಪಾಠದಲ್ಲಿ ಹೇಳುವುದಿಲ್ಲ. ಸಿಮೊಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ, ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದ. ಮೊದಮೊದಲು ಅವನ ಮಾತನ್ನು ಹೆಚ್ಚಿನವರು ನಂಬಲಿಲ್ಲ. ಹಾಗಾದರೆ ಅಷ್ಟು ಜನರನ್ನು ಸಾಲಾಗಿ ನಿಲ್ಲಿಸಿ ಮಾನ ಕಳೆದದ್ದು ಯಾವ ಪುರುಷಾರ್ಥಕ್ಕೆ? ಇದನ್ನು ಓದಿದ ದಿನ ನಮಗೆ ನಮ್ಮ ಪರಿಪಾಠದ ಸಾಲು ನೆನಪಾಗಿ ಒಂಥರಾ ಆಯಿತು.

ಇನ್ನು ಮಹಾಡದ ಚವದಾರ ಕೆರೆ. 1923ರಲ್ಲಿ ಮುಂಬೈ ಶಾಸಕಾಂಗ ಸಾರ್ವಜನಿಕ ನೀರಿನ ತಾಣಗಳು ಎಲ್ಲರಿಗೂ ಮುಕ್ತ ಎಂದು ನಿರ್ಣಯ ಮಾಡಿತ್ತು. ಅಲ್ಲಿಯ ನಗರಸಭೆಯೂ ಒಪ್ಪಿತ್ತು. ಆದರೂ ದನಕರು ನೀರು ಕುಡಿಯುವ ಕೆರೆಯನ್ನು ದಲಿತರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಕುಡಿದರು. ಮೇಲಿನವರು ಆಮೇಲೆ 108 ಮಡಕೆ ನೀರು ತೆಗೆದು ಹೊರಚೆಲ್ಲಿ, ಸೆಗಣಿ, ಗಂಜಲ, ಹಾಲು, ಮೊಸರು ಹಾಕಿ ಕೆರೆಯನ್ನು 'ಶುದ್ಧ' ಮಾಡಿದರು! ಕೆರೆಯ ಹಕ್ಕಿನ ಕಟ್ಲೆ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ. ಒಂದು ಗುಂಪಿಗೆ ಬಾವಿ ಕೆರೆ ಮುಟ್ಟಬೇಡಿ ಎನ್ನುವುದು, ಆಮೇಲೆ ಅವರೇ ಹೊಲಸು ಎನ್ನುವುದು. ಈ ನ್ಯಾಯ ನಮ್ಮ ಹಳ್ಳಿಗಳಲ್ಲೂ ನಡೆದದ್ದೇ. ನಮ್ಮ ವಯಸ್ಸಿನವರಲ್ಲಿ ಅನೇಕರು ಬಾವಿಯ ಕಟ್ಟೆಯ ಕೆಳಗೆ ಕೊಡ ಇಟ್ಟು, ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಕಾಯುವವರನ್ನು ಕಣ್ಣಾರೆ ಕಂಡಿದ್ದೇವೆ.

ಸಾಬೂನಿನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇವೆ. 1888ರಲ್ಲಿ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲಕತ್ತೆಯ ಬಂದರಿನಲ್ಲಿ ಇಳಿದವು. ಕೆಲವೇ ವರ್ಷಕ್ಕೆ ಲೈಫ್‌ಬಾಯ್ ಬಂತು. ಮೊದಲ ಮಹಾಯುದ್ಧದಿಂದಾಗಿ ಮೈಸೂರಿನ ಗಂಧದ ಕಟ್ಟಿಗೆ ಹೊರದೇಶಕ್ಕೆ ಹೋಗದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಗಂಧದೆಣ್ಣೆ, ಅದರಿಂದ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದವು. ನಮ್ಮ ಮನೆಗಳಿಗೆ ಇವು ಬಂದದ್ದು ಬಹಳ ತಡವಾಗಿ. ಅಲ್ಲಿಯ ತನಕ ಕಡಲೆಹಿಟ್ಟು, ಸೀಗೆಕಾಯಿ, ಅಂಟವಾಳ, ಒಂದು ಒರಟು ಕಲ್ಲು. ಬಂದ ಕೆಂಪು ಸಾಬೂನನ್ನೂ ದಾರದಿಂದ ಎರಡು ತುಂಡು ಮಾಡಿ, ಒಂದನ್ನು ನಮ್ಮವ್ವ ಕಾಳಿನ ಗಡಿಗೆಯ ಹಿಂದೆ ಎತ್ತಿಡುತ್ತಿದ್ದಳು. ಆಮೇಲೆ ರೇಡಿಯೋ, ಟಿ.ವಿ.ಯಲ್ಲಿ ಜಾಹೀರಾತು ಶುರುವಾಯಿತು. ದಿನಾ ಸಾಬೂನು ಹಚ್ಚದವನು ಹಿಂದುಳಿದವನು ಎಂಬ ಭಾವನೆ ಗಟ್ಟಿಯಾಗಿದ್ದು ಆವಾಗ. ನಾವು ಮಾಸ್ತರರು ಅದನ್ನೇ ಪರಿಪಾಠಕ್ಕೆ ತಂದೆವು.

ಈಗ ಲೆಕ್ಕ. ಸರಕಾರದ ಗ್ರಾಮೀಣ ನೀರು ಯೋಜನೆಯಲ್ಲಿ ಬಹಳ ವರ್ಷ ಒಬ್ಬರಿಗೆ ದಿನಕ್ಕೆ 40 ಲೀಟರ್ ಎಂದು ಹಿಡಿದಿದ್ದರು. ಕುಡಿಯಲು 3, ಅಡಿಗೆಗೆ 5, ಜಳಕಕ್ಕೆ 15, ಪಾತ್ರೆ ಮತ್ತು ಮನೆ ತೊಳೆಯಲು 7, ಶೌಚಕ್ಕೆ 10. ಜಳಕಕ್ಕೆ ಒಂದು ಬಕೆಟ್, ಅಷ್ಟೇ. 2019ರಲ್ಲಿ ಘೋಷಣೆಯಾದ ಜಲ ಜೀವನ ಮಿಷನ್ನಿನಲ್ಲಿ ಇದು 55 ಲೀಟರ್ ಆಯಿತು. ಒಳಚರಂಡಿ ಇರುವ ನಗರದವನಿಗೆ ಹಿಡಿದ ಲೆಕ್ಕ 135 ಲೀಟರ್. ಹಳ್ಳಿಯವನ ಮೈಗೆ ಧೂಳು ಹೆಚ್ಚು, ಬೆವರು ಹೆಚ್ಚು. ನೀರು ಮಾತ್ರ ಅರ್ಧಕ್ಕಿಂತ ಕಡಿಮೆ.

1972ರ ಬರದ ಕತೆ ನಮ್ಮ ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು. 2016ರದ್ದನ್ನು ಕಣ್ಣಾರೆ ಕಂಡೆವು. ಆ ಹುಡುಗಿಗೆ ನಾವು ನಕ್ಕ ಮರುತಿಂಗಳೇ, ಏಪ್ರಿಲಿನಲ್ಲಿ, ನಮ್ಮದೇ ಸಾಂಗ್ಲಿ ಜಿಲ್ಲೆಯ ಮಿರಜದಿಂದ ಲಾತೂರಿಗೆ ನೀರಿನ ರೈಲು ಹೋಯಿತು. ಮೊದಲ ರೈಲಿನಲ್ಲಿ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಏಳನೆಯ ತರಗತಿಯ ಮಕ್ಕಳಿಗೆ ಇದನ್ನೇ ಗಣಿತಕ್ಕೆ ಕೊಟ್ಟೆವು. ತಲೆಗೆ 15 ಲೀಟರಿನಂತೆ ಎಷ್ಟು ಜನರ ಜಳಕ? 33,333. ಲಾತೂರು ಅದರ ಹತ್ತು ಪಟ್ಟಿಗಿಂತ ಹೆಚ್ಚು ಜನರ ನಗರ. ಒಬ್ಬ ಹುಡುಗ ಎದ್ದು, "ಅಂದ್ರ ಹತ್ತು ದಿನಕ್ಕೊಮ್ಮೆ ಪಾಳಿ ಬರತೈತ್ರಿ, ಅದೂ ಯಾರೂ ಕುಡೀಲಿಕ್ಕ ಹತ್ತದಿದ್ರ" ಅಂದ. ಆ ದಿನ ಯಾರೂ ನಗಲಿಲ್ಲ.

ಮತ್ತೊಂದನ್ನೂ ಮಾಸ್ತರ ಮಿತ್ರರಿಗೆ ಹೇಳಬೇಕು. ಹೇನು ಹೊಲಸು ತಲೆಗೇ ಬರುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಹಾಗಿಲ್ಲ, ತಲೆಗೆ ತಲೆ ತಾಗಿದರೆ ಸಾಕು, ತೊಳೆದ ಕೂದಲಿನಲ್ಲೂ ಹೇನು ಆರಾಮವಾಗಿ ಇರುತ್ತದೆ. ಕಜ್ಜಿಯೂ ಹಾಗೇ ಒಬ್ಬರ ಮೈಯಿಂದ ಒಬ್ಬರಿಗೆ ದಾಟುವ ಹುಳದಿಂದ ಬರುವುದು. ದಿನಾ ಮೈಗೆಲ್ಲ ಸಾಬೂನು ಹಚ್ಚಲೇಬೇಕು ಎಂದು ಚರ್ಮದ ಡಾಕ್ಟರರೂ ಈಗ ಹೇಳುವುದಿಲ್ಲ. ಆದರೆ ಕೈಯ ವಿಷಯದಲ್ಲಿ ರಿಯಾಯಿತಿ ಇಲ್ಲ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವ ಮೊದಲು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಎಂದು ಡಾಕ್ಟರರಿಗೆ ಹಟ ಹಿಡಿದ. ಬಾಣಂತಿಯರ ಸಾವು ಧಡಕ್ಕನೆ ಇಳಿಯಿತು. ಆದರೂ ದೊಡ್ಡ ಡಾಕ್ಟರರಿಗೆ ತಮ್ಮ ಕೈ ಹೊಲಸು ಎಂದು ಒಪ್ಪಿಕೊಳ್ಳಲಿಕ್ಕೆ ಮನಸ್ಸಾಗಲಿಲ್ಲ. 2020ರ ಕೊರೋನಾದಲ್ಲಿ ಇಡೀ ಜಗತ್ತೇ 20 ಸೆಕೆಂಡು ಎಣಿಸಿ ಕೈ ತೊಳೆಯಿತು. ಕೈ ತೊಳೆಯಲಿಕ್ಕೆ ಒಂದು ತಂಬಿಗೆ ನೀರು ಸಾಕು.

ನಮ್ಮ ಶಾಲೆಯಲ್ಲಿ ಈಗ "ಜಳಕ ಮಾಡದವರು ಈ ಕಡೆ" ಎನ್ನುವುದಿಲ್ಲ. ತಪಾಸಣೆಯ ವಹಿಯಲ್ಲಿ ಆ ಕಾಲಮನ್ನು ಹೊಡೆದುಹಾಕಿ 'ಊಟದ ಮುಂಚೆ ಕೈ' ಎಂದು ಬರೆದಿದ್ದೇವೆ. ಅಡಿಗೆ ಕೋಣೆಯ ಹೊರಗೆ ತೂತು ಮಾಡಿದ ಡಬ್ಬಿಯೊಂದನ್ನು ತೂಗುಹಾಕಿ, ಹಳೇ ಕಾಲುಚೀಲದಲ್ಲಿ ಸಾಬೂನು ಕಟ್ಟಿದ್ದೇವೆ. ಕಾಲುಚೀಲದಲ್ಲಿ ಇಟ್ಟರೆ ಕಾಗೆ ಒಯ್ಯುವುದಿಲ್ಲ. ಮಾಸ್ತರರೂ ಅದೇ ಸಾಲಿನಲ್ಲಿ ನಿಂತು ಕೈ ತೊಳೆಯುತ್ತೇವೆ.

ಆ ಹುಡುಗಿ ನಮ್ಮ ಶಾಲೆ ಮುಗಿಸಿ ಹೋಗಿ ವರ್ಷಗಳಾದವು. ಅವಳ ವಸ್ತಿಗೆ ಆಮೇಲೆ ನಳ ಬಂತು. ಹೋದ ಬೇಸಿಗೆ ಆ ದಾರಿಯಲ್ಲಿ ಹೋಗುವಾಗ ಅವಳ ತಾಯಿ ನಳದ ಮುಂದೆ ಕೊಡ ಇಟ್ಟು ಕೂತಿದ್ದರು. "ನೀರು ದಿನಾ ಬರತೈತೇನ್ರೀ ಅಕ್ಕಾರ?" ಅಂತ ಕೇಳಿದೆವು. "ಎಲ್ಲೀದ್ರಿ ಗುರುಜಿ, ನಾಕ ದಿನಕ್ಕೊಮ್ಮೆ" ಅಂದರು. ಹಂಡೆ ಮಾತ್ರ ಈಗ ಬೋರಲು ಇರಲಿಲ್ಲ.