ತೋಟದ ಬೆನ್ನಿಗಿದ್ದ ಬೆಟ್ಟ

ತಾಂಬೂಲದ ತಟ್ಟೆಯಲ್ಲಿ ಅಡಿಕೆಯ ಹೋಳನ್ನು ಕಾಣುವ ಪಟ್ಟಣಿಗರಾದ ನಮಗೆ ಅದರ ಹಿಂದಿನ ತೋಟವೇ ಕಾಣುವುದಿಲ್ಲ. ತೋಟದ ಹಿಂದಿನ ಬೆಟ್ಟವಂತೂ ದೂರವೇ ಉಳಿಯಿತು. ಆದರೆ ಶಿರಸಿ, ಸಿದ್ದಾಪುರಗಳ ಕಡೆ ಎಕರೆ ತೋಟವುಳ್ಳ ಸಂಸಾರವೊಂದು ನಂಬಿದ್ದುದು ಆ ಒಂದು ಎಕರೆಯನ್ನು ಮಾತ್ರವಲ್ಲ. ಅದರ ಬೆನ್ನಿಗೆ ಗರಿಷ್ಠ 9 ಎಕರೆಯಷ್ಟು ಸೊಪ್ಪಿನ ಬೆಟ್ಟವಿರುತ್ತಿತ್ತು.

1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹವ್ಯಕರ ತೋಟಗಳನ್ನು ಕಂಡು ಬರೆದಿಟ್ಟಿದ್ದಾನೆ. ಗುಡ್ಡಗಳ ನಡುವಿನ ತಂಪು ಕಣಿವೆ. ಮಳೆನೀರು ಬಸಿದುಹೋಗಲು ಕಾಲುವೆ. ಅಡಿಕೆಯ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ನೆರಳಿನಲ್ಲಿ ಏಲಕ್ಕಿ, ಬಾಳೆ. ಇಷ್ಟು ಬೆಳೆಗಳು ಒಂದೇ ನೆಲದ ಸಾರವನ್ನು ಹೀರುವಾಗ ಆ ನೆಲಕ್ಕೆ ಅನ್ನವೆಲ್ಲಿಂದ? ಬೆಟ್ಟದಿಂದ. ಮತ್ತಿ, ನಂದಿ, ಕಿಂದಲ ಮರಗಳ ಹಸಿಸೊಪ್ಪನ್ನು ತಂದು ಕೊಟ್ಟಿಗೆಯಲ್ಲಿ ಹಾಸುವರು. ದನಗಳು ತುಳಿದು, ಸಗಣಿ ಗಂಜಲ ಬೆರೆತ ಆ ಸೊಪ್ಪು ಗುಂಡಿಯಲ್ಲಿ ಕಳಿತು ಗೊಬ್ಬರವಾಗಿ ತೋಟಕ್ಕಿಳಿಯುವುದು. ಹಾಲು ಬತ್ತಿದ ಹಸುವಿಗೂ ಆ ಮನೆಯಲ್ಲಿ ಕೆಲಸವುಂಟು! ಬೆಟ್ಟದ ಕರಡವೆಂಬ ಹುಲ್ಲಿನಿಂದ ಕೊಟ್ಟೆ ಕಟ್ಟಿ ಮಳೆಗಾಲದಲ್ಲಿ ಅಡಿಕೆಗೊನೆಗಳಿಗೆ ಹೊದಿಸುತ್ತಿದ್ದರು. ಅದೇ ಕೊಳೆರೋಗಕ್ಕೆ ಮದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ಗ್ರಂಥ ಬರೆದರು. ಮೈಲುತುತ್ತ ಸುಣ್ಣದ ದ್ರಾವಣವನ್ನು ಸಂಪ್ರದಾಯಸ್ಥ ತೋಟಿಗರೂ ಒಲ್ಲೆನ್ನಲಿಲ್ಲ.

ಮರದ ತುದಿಯನ್ನು ಉಳಿಸಿ ಪಕ್ಕದ ಕೊಂಬೆಗಳನ್ನಷ್ಟೇ ಸವರಿದರೆ ಮರ ಮತ್ತೆ ಚಿಗುರುವುದು. ಬಲ್ಲವರು ಹಾಗೆಯೇ ಮಾಡುತ್ತಿದ್ದರು. ಎಲ್ಲರೂ ಬಲ್ಲವರಾಗಿದ್ದರೆಂದು ಹೇಳುವಂತಿಲ್ಲ. ಬೋಳುಗುಡ್ಡಗಳೂ ಅಲ್ಲಿ ಉಂಟಷ್ಟೆ.

ಈ ಬೆಟ್ಟದ ಒಡೆಯರಾರೆಂಬುದೇ ತೊಡಕಿನ ಪ್ರಶ್ನೆ. 1862ರಲ್ಲಿ ಜಿಲ್ಲೆಯು ಮುಂಬಯಿ ಆಧಿಪತ್ಯಕ್ಕೆ ಸೇರಿತು; 1878ರ ಅರಣ್ಯ ಕಾನೂನಿನೊಡನೆ ಸರಕಾರದ ಹಿಡಿತ ಬಿಗಿಯಾಯಿತು. ಸೊಪ್ಪು, ದರಕು, ಹುಲ್ಲುಗಳು ತೋಟದವನಿಗೆ ದೊರೆತರೂ ಅದು ಹಕ್ಕಲ್ಲ, ಸವಲತ್ತು ಎನಿಸಿತು. ನೆಲವು ಸರಕಾರದ್ದೇ ಆಗಿ ಉಳಿಯಿತು. ತನ್ನದಲ್ಲದ ಬೆಟ್ಟವನ್ನು ಮೊಮ್ಮಕ್ಕಳಿಗಾಗಿ ಕಾಯಬೇಕೆಂದರೆ ಯಾರ ಮನಸ್ಸು ತಾನೇ ಡೋಲಾಯಮಾನವಾಗದು? ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಬೆಟ್ಟ ದೊರೆಯುತ್ತಿದ್ದುದು ತೋಟವುಳ್ಳವನಿಗೆ. ಸೊಪ್ಪಿನ ಹೊರೆಯನ್ನು ಹೊತ್ತು ತರುತ್ತಿದ್ದ ಕೂಲಿಯವನಿಗೆ ತೋಟವಿರಲಿಲ್ಲ. ಆದ್ದರಿಂದ ಬೆಟ್ಟವೂ ಇರಲಿಲ್ಲ. ನಿಸರ್ಗದೊಡನೆ ಹೊಂದಿ ಬಾಳಿದ ಹಳೆಯ ಬೇಸಾಯವನ್ನು ನಾವು ಕೊಂಡಾಡುವಾಗ ಆ ಹೊರೆ ಹೊತ್ತ ತಲೆಗಳು ನಮ್ಮ ಲೆಕ್ಕಕ್ಕೆ ಬರುವುದು ಕಡಿಮೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಕಡೆಯ ಜನರು ಕಾಡಿಗೆ ಹೋಗಿ, ಕಡಿಯಲು ಬಂದವರೆದುರು ಮರಗಳನ್ನು ಅಪ್ಪಿಕೊಂಡು ನಿಂತರು. ‘ಅಪ್ಪಿಕೋ’ ಎಂಬ ಹೆಸರು ಪತ್ರಿಕೆಗಳಲ್ಲಿ ಬೆಳಗಿತು. ಹೊರಗಿನವರು ಅದನ್ನು ಹೊಸ ವಿಚಾರವೆಂದು ಬರೆದರು. ಅಲ್ಲಿನ ತೋಟಿಗರಿಗಾದರೋ ಅದು ಗೊಬ್ಬರದ ಗುಂಡಿಯ, ಬೇಸಗೆಯಲ್ಲಿ ಬತ್ತುತ್ತಿದ್ದ ಹಳ್ಳದ ವಿಚಾರವೂ ಆಗಿತ್ತು.