ಗವಿಮಠದ ಶಿಲಾಲಿಪಿಯೂ ಅಶೋಕನ ಮನಃಪರಿವರ್ತನೆಯೂ

ಕೊಪ್ಪಳದ ಶ್ರೀ ಗವಿಮಠದ ಬೆಟ್ಟದಲ್ಲಿ ಒಂದು ಬಂಡೆಯ ಮೈಮೇಲೆ ಬ್ರಾಹ್ಮೀಲಿಪಿಯ ಕೆಲವು ಪಂಕ್ತಿಗಳು ಕೆತ್ತಲ್ಪಟ್ಟಿವೆ. ದರ್ಶನಾರ್ಥವಾಗಿ ಬರುವ ಭಕ್ತಸಮೂಹವು ತಲೆತಲಾಂತರದಿಂದ ಆ ಬೆಟ್ಟವನ್ನು ಹತ್ತಿ ಇಳಿದಿದ್ದರೂ, ಆ ಗೆರೆಗಳು ಯಾರವು, ಏನು ಹೇಳುತ್ತವೆ ಎಂಬುದು ವಿದ್ವಾಂಸರ ಗಮನಕ್ಕೆ ಬಂದದ್ದು 1931ನೆಯ ಇಸವಿಯಲ್ಲಿ. ಅದೇ ಸಮಯಕ್ಕೆ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅದೇ ಶಾಸನದ ಮತ್ತೊಂದು ಪ್ರತಿ ದೊರೆಯಿತು. ಇದಕ್ಕೆ ಮೊದಲೇ, 1892ರಲ್ಲಿ, ರೈಸ್ ಸಾಹೇಬರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಇದೇ ಒಕ್ಕಣೆಯ ಶಾಸನಗಳನ್ನು ಕಂಡುಹಿಡಿದಿದ್ದರು. 1915ರಲ್ಲಿ ಚಿನ್ನದ ಗಣಿಯನ್ನು ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನಿಗೆ ಮಸ್ಕಿಯಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಚಿನ್ನಕ್ಕಿಂತ ಹೆಚ್ಚಿನದೇ ಅವನಿಗೆ ದೊರೆಯಿತೆನ್ನಬೇಕು; ಏಕೆಂದರೆ ಅದುವರೆಗೆ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ನೆಂಬ ಬಿರುದಿನಿಂದ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಅರಸನ ಸ್ವಂತ ಹೆಸರು ಅಲ್ಲಿ ಸ್ಪಷ್ಟವಾಗಿ ‘ಅಶೋಕ’ ಎಂದು ಬರೆಯಲ್ಪಟ್ಟಿತ್ತು.

ಈ ಶಾಸನಗಳಿಂದ ಮೌರ್ಯರ ಆಳಿಕೆಯು ಕನ್ನಡನಾಡಿನವರೆಗೂ ಹಬ್ಬಿತ್ತೆಂದು ಸಿದ್ಧವಾಯಿತು. ಇತಿಹಾಸಕಾರರು ಬಹುವಾಗಿ ಎತ್ತಿ ಹೇಳುವುದು ಈ ವಿಷಯವನ್ನೇ. ಆದರೆ ಆ ಪಂಕ್ತಿಗಳಲ್ಲಿ ರಾಜ್ಯದ ಎಲ್ಲೆಗಿಂತ ದೊಡ್ಡದಾದ ಒಂದು ಸಂಗತಿಯಿದೆ. ಮನುಷ್ಯನು ತನ್ನ ಸ್ವಭಾವವನ್ನು ತಾನೇ ಬದಲಿಸಿಕೊಳ್ಳಬಲ್ಲನೆ? ಹುಟ್ಟುಗುಣ ಸುಟ್ಟರೂ ಹೋಗದೆಂದು ನಮ್ಮ ಜನರು ಗಾದೆ ಕಟ್ಟಿದ್ದಾರೆ. ಈ ಪ್ರಶ್ನೆಗೆ ಸುಮಾರು ಎರಡು ಸಾವಿರದ ಇನ್ನೂರೈವತ್ತು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿಯು ತನ್ನನ್ನೇ ಉದಾಹರಣೆಯಾಗಿಟ್ಟುಕೊಂಡು ಕೊಟ್ಟ ಉತ್ತರವು ಗವಿಮಠದ ಬಂಡೆಯ ಮೇಲಿದೆ.

ಅಶೋಕನ ಪರಿವರ್ತನೆಯ ಕಥೆಯನ್ನು ಕೇಳದವರು ವಿರಳ. ಬೌದ್ಧಗ್ರಂಥಗಳಲ್ಲಿ ಅದು ಬಹು ರಮ್ಯವಾಗಿದೆ. ಅಶೋಕಾವದಾನದ ಪ್ರಕಾರ ಅವನು ಮೊದಲು ಚಂಡಾಶೋಕ. ಗಿರಿಕನೆಂಬ ಕ್ರೂರನನ್ನು ನೇಮಿಸಿ, ನರಕವನ್ನೇ ಹೋಲುವ ಸೆರೆಮನೆಯನ್ನು ಕಟ್ಟಿಸಿದವನು. ಅಲ್ಲಿ ಕಾದ ಕೊಪ್ಪರಿಗೆಯಲ್ಲಿ ಹಾಕಿದರೂ ಬೇಯದೆ ಉಳಿದ ಭಿಕ್ಷುವನ್ನು ಕಂಡು ಬೆರಗಾಗಿ ಧರ್ಮಾಶೋಕನಾದನಂತೆ. ಸಿಂಹಳದ ಮಹಾವಂಶವು ಅವನು ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಂದನೆಂದೂ, ನ್ಯಗ್ರೋಧನೆಂಬ ಬಾಲಶ್ರಮಣನ ಉಪದೇಶದಿಂದ ತಿರುಗಿದನೆಂದೂ ಹೇಳುತ್ತದೆ. ಎರಡು ಕಥೆಗಳಲ್ಲಿಯೂ ಬದಲಾವಣೆಯು ಒಂದು ಪವಾಡದಿಂದಲೋ ಒಂದು ಮಾತಿನಿಂದಲೋ, ದೀಪ ಹತ್ತಿಸಿದಂತೆ, ಥಟ್ಟನೆ ಆಗಿಹೋಗುತ್ತದೆ. ಮೊದಲಿನ ಕತ್ತಲೆಯು ಎಷ್ಟು ಗಾಢವಾದರೆ ತರುವಾಯದ ಬೆಳಕು ಅಷ್ಟು ಶೋಭಿಸುವುದೆಂದು ಕಥೆಗಾರರು ಎಣಿಸಿದಂತೆ ತೋರುತ್ತದೆ. ಅಶೋಕನ ಐದನೆಯ ಬಂಡೆಶಾಸನದಲ್ಲಿ ಅವನ ಸೋದರ ಸೋದರಿಯರ ಅಂತಃಪುರಗಳ ಉಲ್ಲೇಖವಿರುವುದರಿಂದ, ತೊಂಬತ್ತೊಂಬತ್ತು ಕೊಲೆಗಳ ಮಾತನ್ನು ಅಕ್ಷರಶಃ ನಂಬುವುದು ಕಷ್ಟವೇ ಸರಿ.

ಆಶ್ಚರ್ಯದ ಸಂಗತಿಯೆಂದರೆ, ಅವನ ಪಾಪಗಳನ್ನು ಇಷ್ಟು ಬಣ್ಣಿಸಿದ ಈ ಗ್ರಂಥಗಳು ಅವನ ನಿಜವಾದ ಮಹಾಪಾತಕವಾದ ಕಳಿಂಗಯುದ್ಧದ ಹೆಸರನ್ನೇ ಎತ್ತುವುದಿಲ್ಲ! ಅದನ್ನು ಲೋಕಕ್ಕೆ ತಿಳಿಸಿದವನು ಅವನೇ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳು ಕಳೆದ ಮೇಲೆ, ಕ್ರಿ. ಪೂ. 260ರ ಸುಮಾರಿಗೆ, ಕಳಿಂಗವನ್ನು ಗೆದ್ದುದಾಗಿಯೂ, ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರೆಂದೂ, ಒಂದು ಲಕ್ಷ ಜನರು ಹತರಾದರೆಂದೂ, ಅದಕ್ಕೆ ಹಲವು ಮಡಿ ಜನರು ಬೇರೆ ರೀತಿಯಲ್ಲಿ ಸತ್ತರೆಂದೂ ಹದಿಮೂರನೆಯ ಬಂಡೆಶಾಸನದಲ್ಲಿ ಬರೆಯಿಸಿದ್ದಾನೆ. ಗೆದ್ದ ಅರಸರು ಕೊಂದವರ ಲೆಕ್ಕವನ್ನು ಕೆತ್ತಿಸುವುದು ಹೊಸದೇನಲ್ಲ. ಆದರೆ ಅದನ್ನು ಕೀರ್ತಿಯ ಲೆಕ್ಕವಾಗಿ ಕೆತ್ತಿಸುವರೇ ಹೊರತು ಪಶ್ಚಾತ್ತಾಪದ ಲೆಕ್ಕವಾಗಿ ಅಲ್ಲ. ಅಶೋಕನ ದುಃಖವು ಬರಿಯ ಸಂಖ್ಯೆಯಲ್ಲಿ ನಿಲ್ಲುವುದಿಲ್ಲ. ತಂದೆತಾಯಿಗಳಿಗೂ ಗುರುಹಿರಿಯರಿಗೂ ವಿಧೇಯರಾಗಿ ಬಾಳುತ್ತಿದ್ದ ಗೃಹಸ್ಥರು ಅಲ್ಲಿದ್ದರೆಂಬುದನ್ನೂ, ತಮ್ಮ ಮೈಗೆ ಗಾಯವಾಗದಿದ್ದರೂ ಸ್ನೇಹಿತರ, ಬಂಧುಗಳ ಕೇಡಿನಿಂದಲೇ ಬೆಂದುಹೋದವರು ಇದ್ದರೆಂಬುದನ್ನೂ ಅವನು ನೆನೆಯುತ್ತಾನೆ. ಸತ್ತವರಲ್ಲಿ ನೂರರಲ್ಲೊಂದು, ಸಾವಿರದಲ್ಲೊಂದು ಪಾಲು ಜನರಿಗೆ ಅಂಥ ಕೇಡಾದರೂ ಈಗ ತನಗೆ ಅದು ಅಸಹ್ಯವೆಂದು ಒಪ್ಪಿಕೊಳ್ಳುತ್ತಾನೆ.

ಇಲ್ಲಿಗೆ ಕಥೆ ಮುಗಿಯಿತೆಂದು ಸಾಮಾನ್ಯವಾಗಿ ಭಾವಿಸಲಾಗುವುದು: ರಣರಂಗವನ್ನು ಕಂಡನು, ಕರಗಿದನು, ಬದಲಾದನು. ಆದರೆ ಗವಿಮಠದ ಬಂಡೆಯು ಬೇರೊಂದು ಮಾತನ್ನು ಹೇಳುತ್ತದೆ. ಅಲ್ಲಿ ಯುದ್ಧದ ಪ್ರಸ್ತಾಪವೇ ಇಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲವಾಯಿತೆಂದೂ, ಆದರೂ ಅದರಲ್ಲಿ ಒಂದು ವರ್ಷದವರೆಗೆ ತಾನು ಹೆಚ್ಚಾಗಿ ಶ್ರಮಿಸಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಮೇಲೆ, ಅಂದರೆ ವರ್ಷಕ್ಕೆ ಮಿಕ್ಕಿದ ಈಚಿನ ಅವಧಿಯಲ್ಲಿ, ಚೆನ್ನಾಗಿ ಶ್ರಮಿಸಿದೆನೆಂದೂ ಅರಸನು ಹೇಳಿಕೊಂಡಿದ್ದಾನೆ.

ಈ ಒಂದು ವರ್ಷದ ಮಾತು ಎಷ್ಟು ಅಮೂಲ್ಯವಾದುದೆಂಬುದನ್ನು ವಾಚಕರು ಕ್ಷಣಕಾಲ ನಿಂತು ಯೋಚಿಸಬೇಕು. ದೀಕ್ಷೆಯಾಗಿತ್ತು, ಹೆಸರಿಗೆ ಉಪಾಸಕನಾಗಿದ್ದನು, ಆದರೆ ಮನಸ್ಸು ಹಳೆಯ ಜಾಡಿನಲ್ಲಿಯೇ ಇತ್ತು. ಕೈ ಹಿಡಿದು ನಡೆಸುವ ಸತ್ಸಂಗವು ದೊರೆತ ತರುವಾಯವೇ ನಡಿಗೆಯು ಬಿರುಸಾಯಿತು. ಕೆಲವರು ಅಶೋಕನ ಧರ್ಮವೆಲ್ಲ ರಾಜನೀತಿಯ ಉಪಾಯವೆಂದು ವಾದಿಸುವರು. ಉಪಾಯವೇ ಆಗಿದ್ದರೆ, ಪಾಟಲೀಪುತ್ರದಿಂದ ಇಷ್ಟು ದೂರದ ದಕ್ಷಿಣದ ಪ್ರಜೆಗಳ ಮುಂದೆ, ಯಾರೂ ಕೇಳದಿದ್ದ, ಯಾರಿಗೂ ಕಾಣದಿದ್ದ ತನ್ನ ಆ ಆಲಸ್ಯದ ವರ್ಷವನ್ನು ಅವನು ತಾನಾಗಿ ಬಿಚ್ಚಿಡುವ ಅಗತ್ಯವೇನಿತ್ತು? ಇದಕ್ಕೆ ಸಮಾಧಾನ ಹೇಳುವುದು ಆ ವಾದಿಗಳಿಗೆ ಸುಲಭವಲ್ಲ.

ಶ್ರಮವೆಂಬುದಕ್ಕೆ ಶಾಸನದಲ್ಲಿರುವ ಶಬ್ದವು ‘ಪಕಮ’. ಇದೇ ಅರ್ಥದಲ್ಲಿ ಗಿರ್ನಾರದ ಬಂಡೆಯ ಮೇಲೆ ‘ಪರಾಕಮ’ ಎಂದು ಬರುತ್ತದೆ; ಅದು ನಮ್ಮ ‘ಪರಾಕ್ರಮ’ವೇ. ಆ ಶಬ್ದವು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ರಣರಂಗ. ಲಕ್ಷ ಜನರನ್ನು ಕೊಂದ ಅರಸನು ಆ ವೀರಶಬ್ದವನ್ನು ಪರರ ಮೇಲಿನಿಂದ ತೆಗೆದು ತನ್ನ ಮೇಲೆಯೇ ತಿರುಗಿಸಿದನು. ಇದು ಪರಾಕ್ರಮದ ಫಲವೆಂದೂ, ದೊಡ್ಡವರಿಗೆ ಮಾತ್ರ ಲಭಿಸತಕ್ಕದ್ದಲ್ಲವೆಂದೂ, ಅಲ್ಪನಾದವನೂ ಶ್ರಮಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನೆಂದೂ ಸಾರಿದನು. ಹತ್ತನೆಯ ಬಂಡೆಶಾಸನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇದು ಸಣ್ಣವರಿಗೂ ದೊಡ್ಡವರಿಗೂ ಕಷ್ಟವೇ, ಅದರಲ್ಲಿಯೂ ಉನ್ನತಸ್ಥಾನದಲ್ಲಿರುವವರಿಗೆ ಎಲ್ಲಕ್ಕಿಂತ ಕಷ್ಟವೆಂದಿದ್ದಾನೆ. ಸಿಂಹಾಸನದ ಮೇಲೆ ಕುಳಿತವನ ಬಾಯಿಂದ ಬಂದ ಈ ಮಾತು ಅನುಭವದ ಮಾತೇ ಆಗಿರಬೇಕು.

ಅವನ ಬದಲಾವಣೆಯು ಮೆಟ್ಟಿಲು ಮೆಟ್ಟಿಲಾಗಿ ಆಯಿತೆಂಬುದಕ್ಕೆ ಅರಮನೆಯ ಅಡಿಗೆಮನೆಯೇ ಸಾಕ್ಷಿ. ಮೊದಲು ಅಲ್ಲಿ ದಿನವೊಂದಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ವ್ಯಂಜನಕ್ಕಾಗಿ ಕೊಲ್ಲಲ್ಪಡುತ್ತಿದ್ದವೆಂದು ಮೊದಲನೆಯ ಬಂಡೆಶಾಸನದಲ್ಲಿದೆ. ಸಂಖ್ಯೆಯಲ್ಲಿ ಅತಿಶಯೋಕ್ತಿಯಿರಬಹುದು. ಆ ಶಾಸನವನ್ನು ಬರೆಯಿಸುವ ಹೊತ್ತಿಗೆ ಅದು ಮೂರಕ್ಕೆ ಇಳಿದಿತ್ತು: ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರನ್ನೂ ಕೊಲ್ಲಲಾಗುವುದಿಲ್ಲವೆಂದು ಸೇರಿಸಿದ್ದಾನೆ. ಮೂರನ್ನೂ ಆಗಲೇ ಬಿಟ್ಟೆನೆಂದು ಬರೆಯಿಸಿದ್ದರೆ ತಡೆಯುವವರು ಯಾರಿದ್ದರು? ನಾಲಗೆಯ ಚಾಪಲ್ಯವು ಚಕ್ರವರ್ತಿಯನ್ನೂ ಬಿಡದೆಂಬುದಕ್ಕೆ ಆ ಎರಡು ನವಿಲುಗಳು ಸಾಕ್ಷಿಯಾಗಿ ನಿಂತಿವೆ. ಬೇಟೆಯ ವಿಹಾರಯಾತ್ರೆಗಳು ಪಟ್ಟಾಭಿಷೇಕದ ಹತ್ತು ವರ್ಷಗಳ ಮೇಲೆ ಸಂಬೋಧಿಯ ದರ್ಶನದಿಂದ ಮೊದಲಾಗಿ ಧರ್ಮಯಾತ್ರೆಗಳಾದವು.

ಬದಲಾಗದೆ ಉಳಿದುದೂ ಇಲ್ಲದಿಲ್ಲ. ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ಸಲ್ಲದು. ಪಶ್ಚಾತ್ತಾಪಪಟ್ಟ ಅರಸನು ಕಳಿಂಗವನ್ನು ಮರಳಿ ಕೊಡಲಿಲ್ಲ. ಅದೇ ಹದಿಮೂರನೆಯ ಶಾಸನದಲ್ಲಿ ಅಡವಿಯ ಜನರನ್ನು ಕುರಿತು, ಪಶ್ಚಾತ್ತಾಪಪಟ್ಟಿದ್ದರೂ ತನಗೆ ದಂಡಿಸುವ ಶಕ್ತಿಯುಂಟೆಂಬ ಎಚ್ಚರಿಕೆಯಿದೆ. ಕಳಿಂಗದ ಧೌಲಿ, ಜೌಗಡಗಳ ಬಂಡೆಗಳ ಮೇಲೆ ಆ ಶಾಸನವನ್ನು ಕೆತ್ತಿಸದೆ, ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಸಾರುವ ಬೇರೆ ಎರಡು ಶಾಸನಗಳನ್ನು ಹಾಕಿಸಿದನು. ಗಾಯಗೊಂಡವರ ಎದುರಿಗೆ ಗಾಯದ ಲೆಕ್ಕವನ್ನು ಓದುವುದು ಬೇಡವೆಂಬ ಸಂಕೋಚವೋ, ದಂಗೆಯ ಭಯವೋ, ಎರಡೂ ಇದ್ದಿರಬಹುದು. ಭೀಮಾತೀರದ ಸನ್ನತಿಯಲ್ಲಿ ಕಾಳಿಕಾದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯ ಮೇಲೆ ಇದೇ ಎರಡು ಶಾಸನಗಳ ಭಾಗಗಳು 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದುದರಿಂದ ಈ ವಿಷಯವು ಕನ್ನಡಿಗರಿಗೂ ಹತ್ತಿರದ್ದಾಗಿದೆ. ಮರಣದಂಡನೆಯನ್ನೂ ಅವನು ರದ್ದುಗೊಳಿಸಲಿಲ್ಲ. ಶಿಕ್ಷೆಗೊಳಗಾದವರಿಗೆ ಮೂರು ದಿನಗಳ ಅವಕಾಶವನ್ನು ಕೊಡಿಸಿದನು. ಆ ಮೂರು ದಿನಗಳಲ್ಲಿ ಬಂಧುಗಳು ಮೊರೆಯಿಡಬಹುದಾಗಿತ್ತು, ಸಾಯುವವನು ದಾನ ಉಪವಾಸಗಳಿಂದ ಪರಲೋಕಕ್ಕೆ ಸಿದ್ಧನಾಗಬಹುದಾಗಿತ್ತು.

ಹೀಗೆ ಅರೆಯಾದ ಪರಿವರ್ತನೆಯೂ ಪರಿವರ್ತನೆಯೆ ಎಂದು ಕೇಳುವವರಿರಬಹುದು. ಅಶೋಕನು ತಾನು ಪೂರ್ಣನಾದೆನೆಂದು ಎಲ್ಲಿಯೂ ಹೇಳಿಕೊಂಡಿಲ್ಲವೆಂಬುದೇ ಅವರಿಗೆ ತಕ್ಕ ಉತ್ತರವು. ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಬರೆಯಿಸಿದ ಮೂರನೆಯ ಸ್ತಂಭಶಾಸನದಲ್ಲಿ, ಮನುಷ್ಯನು ತಾನು ಮಾಡಿದ ಒಳ್ಳೆಯದನ್ನೇ ಕಾಣುವನಲ್ಲದೆ ಕೆಟ್ಟದ್ದನ್ನು ಕಾಣನೆಂದೂ, ಆ ರೀತಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಬಹು ಕಷ್ಟವೆಂದೂ ವಿಚಾರಮಾಡಿದ್ದಾನೆ. ಪಾಪಕ್ಕೆ ಎಳೆಯುವ ದೋಷಗಳನ್ನು ಎಣಿಸುವಾಗ ನಿಷ್ಠುರತೆ, ಕ್ರೋಧ, ಮಾನ, ಈರ್ಷ್ಯೆಗಳಿಗೆ ಮೊದಲು ಅವನಿಟ್ಟ ಹೆಸರು ‘ಚಂಡಿಯ’, ಅಂದರೆ ಚಂಡತನ. ಕಥೆಗಾರರು ಚಂಡಾಶೋಕನೆಂದು ಕರೆಯುವುದಕ್ಕೆ ಎಷ್ಟೋ ಮೊದಲೇ ಅರಸನು ಆ ದೋಷವನ್ನು ಗುರುತಿಸಿದ್ದನು. ಅದು ಕಳೆದುಹೋದ ಶತ್ರುವೆಂದಲ್ಲ, ಇನ್ನೂ ಕಾವಲಿರಬೇಕಾದ ಶತ್ರುವೆಂದು.

ಅದರ ಮರುವರ್ಷದ ಏಳನೆಯ ಸ್ತಂಭಶಾಸನವು ಒಂದೇ ಒಂದು ಸ್ತಂಭದ ಮೇಲಿದೆ. ತೋಪ್ರಾ ಎಂಬ ಹಳ್ಳಿಯಲ್ಲಿದ್ದ ಆ ಸ್ತಂಭವನ್ನು ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಶಹನು ದಿಲ್ಲಿಗೆ ಸಾಗಿಸಿದನು. ಕಳಿಂಗದ ಮೇಲೆ ಅಷ್ಟರಲ್ಲಿ ಹತ್ತೊಂಬತ್ತು ವರ್ಷಗಳು ಸಂದಿದ್ದವು. ಹಿಂದಿನ ಅರಸರೂ ಪ್ರಜೆಗಳು ಧರ್ಮದಲ್ಲಿ ಬೆಳೆಯಬೇಕೆಂದು ಬಯಸಿದರು, ಆದರೂ ಜನರು ತಕ್ಕಷ್ಟು ಬೆಳೆಯಲಿಲ್ಲ. ಹಾಗಾದರೆ ಅವರನ್ನು ಯಾವುದರಿಂದ ಮೇಲಕ್ಕೆತ್ತಬೇಕೆಂಬ ಚಿಂತೆಯೇ ಅದರ ವಿಷಯ. ಅರಸನು ಎರಡು ಮಾರ್ಗಗಳನ್ನು ಹೆಸರಿಸುತ್ತಾನೆ. ಒಂದು ನಿಯಮ, ಎಂದರೆ ಇಂತಿಂಥ ಪ್ರಾಣಿಗಳನ್ನು ಕೊಲ್ಲಕೂಡದೆಂಬಂಥ ಕಟ್ಟಳೆಗಳು; ಅಂಥವನ್ನು ತಾನು ಅನೇಕ ಮಾಡಿದುದುಂಟು. ಇನ್ನೊಂದು ‘ನಿಝತಿ’, ಎಂದರೆ ಚಿಂತನೆಯಿಂದ ಮನುಷ್ಯನೇ ಒಳಗೆ ಮನಗಾಣುವುದು. ಇವುಗಳಲ್ಲಿ ನಿಯಮದಿಂದಾದುದು ಅಲ್ಪ, ನಿಝತಿಯಿಂದಾದುದೇ ಹೆಚ್ಚೆಂದು, ಆಜ್ಞೆಯನ್ನು ವಿಧಿಸುವ ಅಧಿಕಾರವೆಲ್ಲ ಕೈಯಲ್ಲಿದ್ದ ಆ ಮುದಿ ಅರಸನು ಕಂಬದ ಮೇಲೆ ಬರೆಯಿಸಿ ನಿಲ್ಲಿಸಿದನು.