ಶಲ್, ವಿಲ್ ಮತ್ತು ನಮ್ಮ ‘ಬತ್ತೆ’

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಎಲ್ಲರೂ ಹಿಂದಿನದನ್ನು ನೆನೆಯುತ್ತಿದ್ದೇವೆ. ನಾನು ಮಾತ್ರ ಭವಿಷ್ಯತ್ಕಾಲದ ಇತಿಹಾಸವನ್ನು ಸ್ವಲ್ಪ ಹೇಳಬೇಕೆಂದಿದ್ದೇನೆ. ಇಂಗ್ಲಿಷ್ ಪಾಠದಲ್ಲಿ ನಮ್ಮಲ್ಲಿ ಅನೇಕರನ್ನು ಕಾಡಿದ ‘ಶಲ್’ ಮತ್ತು ‘ವಿಲ್’ಗಳ ಕಥೆ ಇದು. ಓದಿದ್ದು ಬಿ.ಇ., ಹೊಟ್ಟೆಪಾಡು ಸಾಫ್ಟ್‌ವೇರ್. ಆದರೂ ದಿನವೂ ಎದುರಾಗುವ ಪ್ರಶ್ನೆ ವ್ಯಾಕರಣದ್ದೇ: ‘ಆಗುತ್ತದೆ’ ಎಂದು ಹೇಳಬೇಕೋ, ‘ಆದೀತು’ ಎನ್ನಬೇಕೋ?

ಮೊದಲು ಒಂದು ಸಂಗತಿ. ಹಳೆಯ ಇಂಗ್ಲಿಷಿನಲ್ಲಿ ಭವಿಷ್ಯತ್ತಿಗೆಂದೇ ಬೇರೆ ಕ್ರಿಯಾರೂಪ ಇರಲಿಲ್ಲ. ವರ್ತಮಾನದ ರೂಪದಲ್ಲೇ ನಾಳೆಯ ಮಾತನ್ನೂ ಆಡುತ್ತಿದ್ದರು. ‘ವಿಲ್’ ಎಂದರೆ ಆಗ ‘ಬಯಸು’ ಎಂದು ಅರ್ಥ. ‘ಶಲ್’ ಎಂದರೆ ‘ಋಣ ಇದೆ, ಮಾಡಲೇಬೇಕು’ ಎಂದು. ಒಂದು ಮನಸ್ಸಿನ ಮಾತು, ಇನ್ನೊಂದು ಹೊಣೆಯ ಮಾತು. ಇವೆರಡೂ ಸವೆಯುತ್ತ ಬಂದು ಕಾಲಸೂಚಕಗಳಾದವು. ‘ಗೋಯಿಂಗ್ ಟು’ ಕೂಡ ಮೊದಲು ನಿಜವಾಗಿ ಎಲ್ಲಿಗೋ ಹೋಗುವ ಮಾತೇ. ಉದ್ದೇಶವನ್ನು ಹೇಳುವ ರೂಪವಾಗಿ ಅದು 17ನೇ ಶತಮಾನದ ಹೊತ್ತಿಗೆ ನೆಲೆಗೊಂಡಿತು.

ಇವನ್ನು ನಿಯಮದ ಚೌಕಟ್ಟಿಗೆ ತಂದವರು ಜಾನ್ ವಾಲಿಸ್. 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಅವರು ಹೇಳಿದ್ದು ಇಷ್ಟು: ಉತ್ತಮ ಪುರುಷದಲ್ಲಿ ‘ಶಲ್’ ಬರೀ ಮುನ್ಸೂಚನೆ, ‘ವಿಲ್’ ಭರವಸೆ ಅಥವಾ ಬೆದರಿಕೆ, ಮಧ್ಯಮ ಮತ್ತು ಪ್ರಥಮ ಪುರುಷಗಳಲ್ಲಿ ಇದು ತಿರುವುಮುರುವು. ಗಣಿತದಲ್ಲಿ ಅನಂತವನ್ನು ಸೂಚಿಸಲು ನಾವು ಬಳಸುವ, ಅಡ್ಡ ಮಲಗಿದ ಎಂಟರಂಥ ಚಿಹ್ನೆಯನ್ನು 1655ರಲ್ಲಿ ಕೊಟ್ಟವರೂ ಇವರೇ. 1795ರಲ್ಲಿ ಬಂದ ಲಿಂಡ್ಲೆ ಮರ್ರೆಯವರ ವ್ಯಾಕರಣ ಈ ನಿಯಮವನ್ನು ಶಾಲೆ ಶಾಲೆಗೆ ಮುಟ್ಟಿಸಿತು. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಪುಸ್ತಕದ ಮೂಲಕ ಅದು ಭಾರತದ ತಲೆಮಾರುಗಳಿಗೆ ಬಾಯಿಪಾಠವಾಯಿತು. ಅಷ್ಟರಲ್ಲಿ ಇಂಗ್ಲಿಷ್ ಆಡುವವರೇ ಹೆಚ್ಚಿನ ಕಡೆ ‘ಶಲ್’ ಬಿಟ್ಟು ‘ವಿಲ್’ ಹಿಡಿದಾಗಿತ್ತು. ಪುರುಷದ ಪಟ್ಟಿ ನಮ್ಮ ಪಾಲಿಗೆ ಉಳಿಯಿತು. ಭರವಸೆಗೂ ಮುನ್ಸೂಚನೆಗೂ ಇರುವ ವ್ಯತ್ಯಾಸ ಎಂಬ ಅದರ ತಿರುಳು ಕೈಬಿಟ್ಟುಹೋಯಿತು.

ಕನ್ನಡದ ಕಡೆ ನೋಡೋಣ. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಮೂರು ಕಾಲಕ್ಕೆ ಮೂರು ಪ್ರತ್ಯಯಗಳಿವೆ: ದ, ದಪ, ವ. ಮಾಡಿದಂ, ಮಾಡಿದಪಂ, ಮಾಡುವಂ. ಶಾಲೆಯ ಪುಸ್ತಕದಲ್ಲಿ ‘ಬರುವೆನು’ ಭವಿಷ್ಯತ್ಕಾಲ. ಆದರೆ ಹಟ್ಟಿಯಂಗಡಿಯಲ್ಲಿ ಯಾರಾದರೂ ‘ನಾಳೆ ಬರುವೆನು’ ಎಂದರೆ ಯಕ್ಷಗಾನದ ವೇಷ ಬಂತೆಂದು ನಕ್ಕಾರು! ನಾವು ಹೇಳುವುದು ‘ನಾಳೆ ಬತ್ತೆ’. ಹಳೆಯ ಇಂಗ್ಲಿಷಿನವರಂತೆ ನಮಗೂ ವರ್ತಮಾನದ ರೂಪವೇ ಸಾಕು.

ಹಾಗೆಂದು ನಾಳೆಯ ಬಗ್ಗೆ ನಮ್ಮ ಭಾಷೆ ಬಡವಾಗಿಲ್ಲ. ‘ಬಸ್ಸು ಆರಕ್ಕೆ ಹೊರಡುತ್ತದೆ’ ಎಂದರೆ ವೇಳಾಪಟ್ಟಿ. ಇಂಗ್ಲಿಷಿನಲ್ಲೂ ಅಲ್ಲಿ ‘ಲೀವ್ಸ್’ ಎಂಬ ಸರಳ ವರ್ತಮಾನವೇ ಬರುತ್ತದೆ. ‘ನಾಳೆ ಕುಂದಾಪುರಕ್ಕೆ ಹೋಗುವುದಿದೆ’ ಎಂದರೆ ಗೊತ್ತಾದ ಏರ್ಪಾಡು. ಅದಕ್ಕೆ ‘ಐ ಆಮ್ ಗೋಯಿಂಗ್ ಟುಮಾರೋ’. ‘ಮುಂದೆ ಓದಬೇಕೆಂದಿದ್ದೇನೆ’ ಎನ್ನುವುದು ಉದ್ದೇಶ. ವಾರಾಹಿಯ ಮೇಲೆ ಮೋಡ ಕವಿದಾಗ ‘ಮಳೆ ಬರುವ ಹಾಗಿದೆ’ ಎನ್ನುವುದು ಕಣ್ಣಿಗೆ ಕಂಡದ್ದನ್ನು ನಂಬಿ ಆಡುವ ಮುನ್ಸೂಚನೆ. ಎರಡಕ್ಕೂ ‘ಗೋಯಿಂಗ್ ಟು’ ಸಲ್ಲುತ್ತದೆ. ‘ಮಳೆ ಬಂದೀತು’ ಎಂಬುದಕ್ಕೆ ‘ಮೇ’ ಅಥವಾ ‘ಮೈಟ್’. ಈ ಕೊನೆಯದನ್ನು ಕನ್ನಡ ಪಾಠದಲ್ಲಿ ಸಂಭಾವನಾರ್ಥಕ ಎಂದು ಕಲಿತೆವು. ಕನ್ನಡದ ಪೀರಿಯಡ್ಡಿಗೂ ಇಂಗ್ಲಿಷಿನ ಪೀರಿಯಡ್ಡಿಗೂ ನಡುವೆ ಒಂದು ಗಂಟೆ ಬಾರಿಸುತ್ತಿತ್ತು, ಅಷ್ಟೆ; ಎರಡನ್ನೂ ಜೋಡಿಸುವ ಸೇತುವೆ ಇರಲಿಲ್ಲ.

ಆ ಸೇತುವೆ ಕಟ್ಟಿದವರಲ್ಲಿ ನಮ್ಮೂರ ಹೆಸರು ಹೊತ್ತವರೂ ಇದ್ದಾರೆ ಎಂಬುದು ಹೆಮ್ಮೆಯ ವಿಷಯ. ಹಟ್ಟಿಯಂಗಡಿ ನಾರಾಯಣರಾಯರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ‘ಆಂಗ್ಲ ಕವಿತಾವಳಿ’ ಪ್ರಕಟವಾದದ್ದು 1919ರಲ್ಲಿ, ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಪುಸ್ತಕಕ್ಕಿಂತ ಮೊದಲು. ಅನುವಾದ ಮಾಡುವವನಿಗೆ ‘ವಿಲ್’ ಎದುರಾದಾಗಲೆಲ್ಲ ಇದು ಬಯಕೆಯೋ, ಮಾತು ಕೊಟ್ಟದ್ದೋ, ಊಹೆಯೋ ಎಂದು ಕೇಳಿಕೊಳ್ಳದೆ ಗತ್ಯಂತರವಿಲ್ಲ. ವಿದ್ಯಾರ್ಥಿಯೂ ಕೇಳಬೇಕಾದ್ದು ಅದನ್ನೇ.

ಈ ವ್ಯತ್ಯಾಸ ಪರೀಕ್ಷೆಯ ಒಂದು ಅಂಕದ್ದಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೇ ವಿಧಿ, 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಹತ್ತು ವರ್ಷದೊಳಗೆ ಒದಗಿಸಲು ರಾಜ್ಯವು ‘ಪ್ರಯತ್ನಿಸತಕ್ಕದ್ದು’ ಎಂದಿತು. ನಿರ್ದೇಶಕ ತತ್ತ್ವವಾದ್ದರಿಂದ ಅದನ್ನು ಹಿಡಿದು ನೇರವಾಗಿ ನ್ಯಾಯಾಲಯದಲ್ಲಿ ಕೇಳುವಂತಿರಲಿಲ್ಲ. 2002ರ 86ನೇ ತಿದ್ದುಪಡಿಯಿಂದ ಬಂದ 21ಎ ವಿಧಿ ಅದನ್ನು 6ರಿಂದ 14 ವರ್ಷದ ಮಕ್ಕಳ ಮೂಲಭೂತ ಹಕ್ಕಾಗಿಸಿ, ರಾಜ್ಯವು ಶಿಕ್ಷಣವನ್ನು ‘ಒದಗಿಸತಕ್ಕದ್ದು’ ಎಂದಿತು. ಹಕ್ಕು ಕಾಯ್ದೆಯೊಂದಿಗೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಎರಡೂ ಕಡೆ ಇಂಗ್ಲಿಷಿನಲ್ಲಿ ಇರುವುದು ‘ಶಲ್’ ಎಂಬ ಹಳೆಯ ಋಣದ ಶಬ್ದವೇ. ಮೊದಲು ಋಣ ಪ್ರಯತ್ನದ್ದು, ಈಗ ಕೆಲಸದ್ದು. ನಡುವೆ ಹೋದದ್ದು ಅರ್ಧ ಶತಮಾನಕ್ಕೂ ಹೆಚ್ಚು.

ನನ್ನ ವೃತ್ತಿಯಲ್ಲೂ ಹೀಗೇ. ಇಂಟರ್ನೆಟ್ಟಿನ ನಿಯಮ ಬರೆಯುವವರಿಗಾಗಿ 1997ರಲ್ಲಿ ಬಂದ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆ ‘ಶಲ್’ ಎಂದರೆ ಕಡ್ಡಾಯ, ‘ಶುಡ್’ ಎಂದರೆ ತಕ್ಕ ಕಾರಣವಿದ್ದರೆ ಬಿಡಬಹುದು, ‘ಮೇ’ ಎಂದರೆ ಐಚ್ಛಿಕ ಎಂದು ಗೊತ್ತುಮಾಡಿದೆ. ಕಚೇರಿಗಳಲ್ಲಿ ‘ಶುಕ್ರವಾರ ಮುಗಿಯುತ್ತದೆ’ ಎಂಬರ್ಥದಲ್ಲಿ ‘ವಿಲ್’ ಹಾಕಿದರೆ ಓದುವವರು ಅದನ್ನು ಮಾತು ಕೊಟ್ಟಂತೆಯೇ ಎಣಿಸುತ್ತಾರೆ. ‘ಮುಗಿದೀತು’ ಎಂಬ ಭಾವವನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದ ಹಳ್ಳಿಯ ಹುಡುಗ ಹುಡುಗಿಯರು ತಾವು ಕೊಡದ ಮಾತಿಗೆ ಹೊಣೆಯಾಗುವುದುಂಟು. ಅವರಿಗೆ ಕೊರತೆ ಇರುವುದು ಬುದ್ಧಿಯದ್ದಲ್ಲ; ‘ಆದೀತು’ ಮತ್ತು ‘ಆಗುತ್ತದೆ’ಗಳ ಅಂತರ ಅವರಿಗೆ ಹುಟ್ಟಿನಿಂದಲೇ ಗೊತ್ತು.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ವಿನಂತಿ. ಭವಿಷ್ಯತ್ಕಾಲವನ್ನು ಪಟ್ಟಿಯಿಂದ ಆರಂಭಿಸದೆ ಮನೆಮಾತಿನಿಂದ ಆರಂಭಿಸಿ. ಹೋಗುವುದಿದೆ, ಹೋಗಬೇಕೆಂದಿದ್ದೇನೆ, ಹೋದೇನು ಎಂಬಿವನ್ನು ಮಕ್ಕಳಿಂದಲೇ ಹೇಳಿಸಿ, ಪಕ್ಕದಲ್ಲಿ ಇಂಗ್ಲಿಷ್ ಬರೆಸಿ. ಊರಿನವರಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು: ಈ ಸಂಭ್ರಮದಲ್ಲಿ ಶಾಲೆಗಾಗಿ ಏನೇನು ಮಾಡುವುದೆಂದು ನಾವೆಲ್ಲ ಆಡಿಕೊಳ್ಳುತ್ತಿದ್ದೇವೆ. ಅವುಗಳಲ್ಲಿ ‘ಮಾಡಿಯೇವು’ ಎಷ್ಟು, ‘ಮಾಡತಕ್ಕದ್ದು’ ಎಷ್ಟು ಎಂದು ಈಗಲೇ ಬರೆದಿಟ್ಟುಕೊಂಡರೆ ಶಾಲೆಗೆ ಒಳ್ಳೆಯದು.